ಆಲ್ಫಾ 0.86 ಬಂದರೆ ಪ್ರಶ್ನಾವಳಿ ಸರಿಯಿದೆ ಅಂತಲಾ?

ಎಂಎಸ್ಸಿ_ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಸೈಕಾಲಜಿ ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಪಿಯುಸಿ ಮಕ್ಕಳ ಪರೀಕ್ಷೆಯ ಒತ್ತಡ ಅಳೆಯೋಣ ಅಂತ ಡಿಸರ್ಟೇಶನ್‌ಗಾಗಿ ಕನ್ನಡದಲ್ಲೇ 20 ಹೇಳಿಕೆಗಳ ಪ್ರಶ್ನಾವಳಿ ಮಾಡಿದ್ದೇನೆ. ಪ್ರತಿ ಹೇಳಿಕೆಗೂ ‘ಸ್ವಲ್ಪವೂ ಒಪ್ಪುವುದಿಲ್ಲ’ದಿಂದ ‘ಪೂರ್ತಿ ಒಪ್ಪುತ್ತೇನೆ’ವರೆಗೆ ಐದು ಆಯ್ಕೆ. ಜೊತೆಗೆ ಖಿನ್ನತೆ ನೋಡಲು ಪಿಎಚ್‌ಕ್ಯೂ-9 ಕೊಟ್ಟಿದ್ದೆ. ಮೊದಲ ಸುತ್ತಿನಲ್ಲಿ ಸುಮಾರು ಇನ್ನೂರು ಮಕ್ಕಳು ತುಂಬಿಕೊಟ್ಟಿದ್ದಾರೆ. ದಸರಾ ರಜೆ ಮುಗಿದ ಮೇಲೆ ಎರಡನೇ ಸುತ್ತು.

ನನ್ನ ಪ್ರಶ್ನಾವಳಿಗೆ ಕ್ರಾನ್‌ಬಾಕ್ ಆಲ್ಫಾ (ಹೇಳಿಕೆಗಳು ಒಟ್ಟಾರೆ ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೇಳುವ ಅಂಕಿ) 0.86 ಬಂತು. ‘0.7 ದಾಟಿದೆಯಲ್ಲ, ಸಾಕು, ಮುಂದಿನ ಕೆಲಸ ನೋಡು’ ಅಂದರು ಗೈಡ್. ಆದರೆ ಸೆಮಿನಾರಿನಲ್ಲಿ ಒಬ್ಬರು ‘ರಿಲಯಬಿಲಿಟಿ ಸರಿ, ವ್ಯಾಲಿಡಿಟಿ ಎಲ್ಲಿ?’ ಅಂತ ಕೇಳಿದರು. ಅಂದರೆ ಅಳತೆ ಸ್ಥಿರವಾಗಿದೆ ಸರಿ, ಅಳೆಯಬೇಕಾದದ್ದನ್ನೇ ಅಳೆಯುತ್ತಿದೆಯಾ ಅಂತ. ಆಲ್ಫಾ ಇಷ್ಟು ಚೆನ್ನಾಗಿ ಬಂದ ಮೇಲೆ ಇನ್ನೇನು ತೋರಿಸಬೇಕು? ಪುಸ್ತಕದ ವ್ಯಾಖ್ಯಾನ ಓದಿದ್ದೇನೆ. ಕೈಯಲ್ಲಿರುವ ಡೇಟಾ ಇಟ್ಟುಕೊಂಡು ಏನು ಮಾಡಬೇಕು ಅನ್ನೋದು ತಿಳಿಯಬೇಕು.

ಲೆಕ್ಕದ_ಮೇಷ್ಟ್ರು

ನಿಮ್ಮ ಸಂಖ್ಯೆಯಲ್ಲೇ ತೋರಿಸುತ್ತೇನೆ. ಪೆನ್ನು ಪೇಪರ್ ತಗೊಳ್ಳಿ.

ಆಲ್ಫಾದ ಸರಳ ರೂಪ ಇದು. ಹೇಳಿಕೆಗಳ ಸಂಖ್ಯೆಯನ್ನು ಅವುಗಳ ನಡುವಿನ ಸರಾಸರಿ ಕೋರಿಲೇಶನ್‌ನಿಂದ (ಎರಡು ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಅನ್ನುವ ಅಂಕಿ) ಗುಣಿಸಿ. ಆಮೇಲೆ ಸಂಖ್ಯೆಯಲ್ಲಿ ಒಂದು ಕಳೆದು, ಅದನ್ನೂ ಅದೇ ಸರಾಸರಿಯಿಂದ ಗುಣಿಸಿ, 1 ಕೂಡಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಅಷ್ಟೇ.

ಈಗ 20 ಹೇಳಿಕೆಗಳಲ್ಲಿ ಹತ್ತು ಒತ್ತಡದ್ದು, ಇನ್ನು ಹತ್ತು ಅದಕ್ಕೆ ಸಂಬಂಧವೇ ಇಲ್ಲದ ಬೇರೆ ಯಾವುದೋ ವಿಷಯದ್ದು ಅಂದುಕೊಳ್ಳಿ. ಒಂದೇ ಗುಂಪಿನ ಎರಡು ಹೇಳಿಕೆಗಳ ನಡುವೆ ಕೋರಿಲೇಶನ್ 0.5. ಗುಂಪಿನಿಂದ ಗುಂಪಿಗೆ ಸೊನ್ನೆ. 20 ಹೇಳಿಕೆಗಳಲ್ಲಿ 190 ಜೋಡಿ ಸಿಗುತ್ತವೆ. ಅದರಲ್ಲಿ 90 ಜೋಡಿ ಒಂದೇ ಗುಂಪಿನೊಳಗಿನವು. ಹಾಗಾಗಿ ಸರಾಸರಿ 45 ಭಾಗಿಸು 190, ಅಂದರೆ 0.237. ಮೇಲಿನ ಸೂತ್ರಕ್ಕೆ ಹಾಕಿ. 4.74 ಭಾಗಿಸು 5.5. ಉತ್ತರ 0.86.

ನಿಮಗೆ ಬಂದಿರುವುದೂ ಅದೇ, ಅಲ್ವಾ? ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವಿಷಯಗಳನ್ನು ಕೂಡಿಸಿದರೂ 0.86 ಬರುತ್ತದೆ. ನಿಮ್ಮ ಪ್ರಶ್ನಾವಳಿ ಹಾಗಿದೆ ಅಂತ ನಾನು ಹೇಳುತ್ತಿಲ್ಲ. ಹಾಗಿದ್ದರೂ ಆಲ್ಫಾ ಅದನ್ನು ಹಿಡಿದುಕೊಡುವುದಿಲ್ಲ ಅಂತ ಹೇಳುತ್ತಿದ್ದೇನೆ. ಹೇಳಿಕೆ ಜಾಸ್ತಿ ಮಾಡಿದಷ್ಟೂ ಅದು ಏರುತ್ತದೆ. ಸರಾಸರಿ ಕೋರಿಲೇಶನ್ ಬರೀ 0.2 ಇದ್ದರೂ 20 ಹೇಳಿಕೆಗೆ 0.83 ಬರುತ್ತದೆ.

ಕ್ರಾನ್‌ಬಾಕ್ ಈ ಆಲ್ಫಾವನ್ನು 1951ರಲ್ಲಿ ಕೊಟ್ಟರು. ಅವರು ತೀರಿಕೊಂಡ ಮೇಲೆ 2004ರಲ್ಲಿ ಬಂದ ಬರಹದಲ್ಲಿ, ಹೆಚ್ಚಿನ ಕಡೆ ಆಲ್ಫಾ ಅತ್ಯಂತ ಸೂಕ್ತವಾದ ದಾರಿ ಅಲ್ಲ ಅನ್ನುವ ಅರ್ಥದ ಮಾತು ಅವರದ್ದೇ ಇದೆ. ಮೀಲ್ ಜೊತೆ ಸೇರಿ 1955ರಲ್ಲಿ ಕನ್‌ಸ್ಟ್ರಕ್ಟ್ ವ್ಯಾಲಿಡಿಟಿ (ಕಣ್ಣಿಗೆ ಕಾಣದ ಗುಣವನ್ನು ಪರೀಕ್ಷೆ ನಿಜಕ್ಕೂ ಅಳೆಯುತ್ತದಾ ಅನ್ನುವುದು) ಬಗ್ಗೆ ಬರೆದವರೂ ಅವರೇ. ಮೊದಲನೆಯದನ್ನು ಎಲ್ಲರೂ ಸಾಫ್ಟ್‌ವೇರ್‌ನಲ್ಲಿ ಒತ್ತುತ್ತಾರೆ. ಎರಡನೆಯದು ಮೆನುವಿನಲ್ಲಿ ಸಿಗುವುದಿಲ್ಲ. ಅದಕ್ಕೇ ಬಿಟ್ಟುಹೋಗುತ್ತದೆ.

ಮೊದಲ ಕೆಲಸ ಫ್ಯಾಕ್ಟರ್ ಅನಾಲಿಸಿಸ್, ಅಂದರೆ ಯಾವ ಹೇಳಿಕೆಗಳು ಒಂದು ಗುಂಪಾಗಿ ನಿಲ್ಲುತ್ತವೆ ಅಂತ ನೋಡುವುದು. ಐದೇ ಆಯ್ಕೆ ಇರುವುದರಿಂದ ಪಾಲಿಕೋರಿಕ್ ಕೋರಿಲೇಶನ್ ಬಳಸಿ. ಆರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸುಲಭ, ಪುಕ್ಕಟೆಯೂ ಹೌದು. ಆಲ್ಫಾ ಬದಲು ಒಮೇಗಾ ಅನ್ನುವ ಇನ್ನೊಂದು ರಿಲಯಬಿಲಿಟಿ ಅಂಕಿ ವರದಿ ಮಾಡಿ. ಒಂದು ವಿಷಯ ಮರೆಯಬೇಡಿ: ‘ನನಗೆ ಭಯ ಇಲ್ಲ’ ಥರದ ಉಲ್ಟಾ ಹೇಳಿಕೆಗಳು ಇದ್ದರೆ ಅವು ತಮ್ಮಷ್ಟಕ್ಕೆ ಒಂದು ಗುಂಪು ಕಟ್ಟಿಕೊಳ್ಳುತ್ತವೆ. ಅದನ್ನು ನೋಡಿ ಒತ್ತಡದಲ್ಲಿ ಎರಡು ಬಗೆ ಇದೆ ಅಂತ ಬರೆಯಲು ಹೋಗಬೇಡಿ.

ಎಂಎಸ್ಸಿ_ವಿದ್ಯಾರ್ಥಿನಿ

ಸರ್, ಲೆಕ್ಕ ಮಾಡಿ ನೋಡಿದೆ, ಹಾಗೇ ಬಂತು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಉಲ್ಟಾ ಹೇಳಿಕೆಗಳು ಆರು ಇವೆ. ಇವತ್ತೇ ಶುರು ಮಾಡುತ್ತೇನೆ.

ಡೇಟಾ_ಕೆಲಸದವ

ಬೆಂಗಳೂರಿನಲ್ಲಿ ಮೆಷಿನ್ ಲರ್ನಿಂಗ್ ಕೆಲಸ ಮಾಡುತ್ತೇನೆ, ಸೈಕಾಲಜಿ ಓದಿದವನಲ್ಲ. ನನಗನ್ನಿಸುವುದನ್ನು ನೇರವಾಗಿ ಕೇಳುತ್ತೇನೆ. ಆ ಸ್ಕೋರ್ ನೋಡಿ ಯಾವ ಮಗು ಕಾಲೇಜು ಬಿಡುತ್ತದೆ, ಯಾರಿಗೆ ಸಹಾಯ ಬೇಕು ಅಂತ ಮುಂಚೆಯೇ ಹೇಳಲು ಬಂದರೆ ಸಾಲದಾ? ಒಳಗೆ ಏನನ್ನು ಅಳೆಯುತ್ತಿದೆ ಅನ್ನುವ ಚರ್ಚೆ ಯಾಕೆ? ಸಣ್ಣಪುಟ್ಟ ತಪ್ಪುಗಳು ಸ್ಯಾಂಪಲ್ ದೊಡ್ಡದಾದರೆ ಒಂದಕ್ಕೊಂದು ಕಳೆದುಹೋಗುತ್ತವೆ.

ಕ್ಲಿನಿಕ್_ಕಡೆಯಿಂದ

ಕಳೆದುಹೋಗದ ತಪ್ಪುಗಳೂ ಇವೆ ಸರ್. ಒಂದು ಉದಾಹರಣೆ ಹೇಳುತ್ತೇನೆ.

ತಾಲ್ಲೂಕು ಮಟ್ಟದ ಶಿಬಿರವೊಂದರಲ್ಲಿ ಪಿಎಚ್‌ಕ್ಯೂ-9 ಓದಿ ಹೇಳಿ ತುಂಬಿಸುತ್ತಿದ್ದೆವು. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗಾಯ್ತು ಅಂತ ಪ್ರತಿಯೊಂದಕ್ಕೂ 0ರಿಂದ 3. ಒಟ್ಟು 27. ಹತ್ತು ಮುಟ್ಟಿದರೆ ಮುಂದೆ ವಿಚಾರಿಸಬೇಕು. ಐವತ್ತರ ಆಸುಪಾಸಿನ ರೈತರೊಬ್ಬರು ಕೂತಿದ್ದರು. ನಿದ್ದೆ ಹೇಗಿದೆ ಅಂದೆ. ‘ದಿನಾ ಇಲ್ಲ’ ಅಂದರು. 3. ಸುಸ್ತು? ‘ದಿನಾ.’ ಮತ್ತೆ 3. ಟಿವಿ ನೋಡುವಾಗ, ಏನಾದರೂ ಓದುವಾಗ ಗಮನ ನಿಲ್ಲುತ್ತದಾ? ‘ಕೂತಲ್ಲೇ ತೂಕಡಿಕೆ.’ 2. ಅಲ್ಲಿಗೆ ಎಂಟು ಆಯ್ತು. ಫಾರಂ ಬದಿಗಿಟ್ಟು ಯಾಕೆ ನಿದ್ದೆ ಇಲ್ಲ ಅಂತ ಕೇಳಿದೆ. ‘ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ ಮೇಡಂ. ಹನ್ನೆರಡಕ್ಕೆ ಎದ್ದು ಮೋಟಾರ್ ಹಾಕಬೇಕು, ಬೆಳಗಿನ ತನಕ ನೀರು ಕಟ್ಟಬೇಕು.’ ಮನಸ್ಸಿಗೆ ಬೇಜಾರು ಇದೆಯಾ ಅಂದರೆ, ಬೆಳೆ ಚೆನ್ನಾಗಿ ಬಂದಿದೆ, ಯಾಕೆ ಬೇಜಾರು ಅಂದರು.

ಆ ಎಂಟು ಅಂಕ ಬಂದಿದ್ದು ವಿದ್ಯುತ್ ಸರಬರಾಜಿನ ಸಮಯದಿಂದ. ಇಂಥ ರೈತರು ಹತ್ತು ಸಾವಿರ ಜನರನ್ನು ಸೇರಿಸಿ, ಎಲ್ಲರ ನಿದ್ದೆಯ ಅಂಕವೂ ಒಂದೇ ಕಡೆಗೆ ಏರಿರುತ್ತದೆ. ಸರಾಸರಿ ತೆಗೆದರೂ ಅದು ಹೋಗುವುದಿಲ್ಲ. ನೀರಾವರಿ ಇರುವ ಹೋಬಳಿಯಲ್ಲಿ ಖಿನ್ನತೆ ಜಾಸ್ತಿ ಅಂತ ಪಿ ಮೌಲ್ಯದ ಸಮೇತ ಪ್ರಬಂಧ ಬರೆಯಬಹುದು. ಲೆಕ್ಕದಲ್ಲಿ ಒಂದು ತಪ್ಪೂ ಇರುವುದಿಲ್ಲ.

ಇನ್ನೊಂದು ಕಡೆಯ ತಪ್ಪೂ ಇದೆ. ನಿಜಕ್ಕೂ ಖಿನ್ನತೆ ಇರುವವರು ಅನೇಕರು ನಮ್ಮ ಹತ್ತಿರ ತಲೆನೋವು, ಉರಿ, ಮೈಕೈ ನೋವು ಅಂತಲೇ ಬರುತ್ತಾರೆ. ಮನಸ್ಸಿನ ಪ್ರಶ್ನೆಗೆ ‘ಹಾಗೇನಿಲ್ಲ’ ಅಂತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರಘುರಾಮ್ ಮತ್ತು ಸಂಗಡಿಗರು ಮಾಡಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಬಗ್ಗೆಯೇ. ಖಿನ್ನತೆಯ ಲಕ್ಷಣ ಜಾಸ್ತಿ ಇದ್ದಷ್ಟೂ ಜನರಿಗೆ ಕಳಂಕದ ಭಾವನೆ ಜಾಸ್ತಿ ಇತ್ತು. ದೈಹಿಕ ನೋವು ಹೇಳುವವರಲ್ಲಿ ಅದು ಉಲ್ಟಾ. ದೇಹದ ನೋವು ಎಲ್ಲರಿಗೂ ಬರುವಂಥದ್ದು, ಹೇಳಿಕೊಂಡರೆ ಮರ್ಯಾದೆ ಹೋಗುವುದಿಲ್ಲ. ಅಂದರೆ ಯಾರು ಯಾವ ಪ್ರಶ್ನೆಗೆ ಹೌದು ಅಂತಾರೆ ಅನ್ನುವುದನ್ನು ಕಾಯಿಲೆಯ ಜೊತೆಗೆ ನಾಚಿಕೆಯೂ ತೀರ್ಮಾನಿಸುತ್ತದೆ.

ಹೊರನಾಡ_ಕನ್ನಡತಿ

ನೆದರ್ಲೆಂಡ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ವಿಷಯ ಇದೇ. ಮೇಲಿನ ರೈತರ ಉದಾಹರಣೆ ನನಗೆ ತುಂಬಾ ಮುಖ್ಯ ಅನ್ನಿಸಿತು. ಬೋರ್ಸ್‌ಬೂಮ್ ಮತ್ತಿಬ್ಬರು 2004ರಲ್ಲಿ ವ್ಯಾಲಿಡಿಟಿಗೆ ಸರಳವಾದ ಷರತ್ತು ಹಾಕಿದರು. ನೀವು ಅಳೆಯುತ್ತೇನೆ ಅನ್ನುವ ಗುಣ ನಿಜವಾಗಿ ಇರಬೇಕು. ಆ ಗುಣದಲ್ಲಿ ಏರಿಳಿತ ಆದಾಗ ಅದರಿಂದಲೇ ಸ್ಕೋರ್ ಏರಿಳಿಯಬೇಕು. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಮೆಸಿಕ್ ದಾರಿಯವರಿಗೆ ಸ್ಕೋರ್‌ನಿಂದ ಮಾಡುವ ತೀರ್ಮಾನ, ಅದರ ಪರಿಣಾಮ ಎಲ್ಲವೂ ವ್ಯಾಲಿಡಿಟಿಯೊಳಗೇ ಬರುತ್ತವೆ. ಆದರೆ ಡಿಸರ್ಟೇಶನ್ ಮಾಡುವವರಿಗೆ ಮೊದಲನೆಯದು ಕೈಗೆ ಸಿಗುವ ಪ್ರಶ್ನೆ: ಈ ಸ್ಕೋರನ್ನು ಏರಿಸಿದ್ದು ಯಾವುದು?

ಡೇಟಾ ಸರ್ ಹೇಳಿದ್ದಕ್ಕೆ ಬರುತ್ತೇನೆ. ಮುನ್ಸೂಚನೆ ಸಾಕು ಅನ್ನುವ ಕೆಲಸಗಳು ಇವೆ, ಒಪ್ಪಿದೆ. ಆದರೆ ಒಂದು ಕಾಲೇಜಿನಲ್ಲಿ ಹೊಂದಿದ ಮಾದರಿ ಇನ್ನೊಂದು ಕಡೆ ಯಾಕೆ ಕುಸಿಯಿತು ಅಂತ ಕೇಳಿದಾಗ ಒಳಗೇನಿದೆ ಅಂತ ನೋಡಲೇಬೇಕಾಗುತ್ತದೆ. ಹುಡುಗರು, ಹುಡುಗಿಯರು ಒಂದೇ ಮಟ್ಟದ ಒತ್ತಡದಲ್ಲಿದ್ದೂ ‘ನನಗೆ ಅಳು ಬರುತ್ತದೆ’ ಅನ್ನುವ ಹೇಳಿಕೆಗೆ ಬೇರೆ ಬೇರೆ ಗುರುತು ಹಾಕಬಹುದು. ಹಾಗಿದ್ದಾಗ ಎರಡು ಗುಂಪಿನ ಸರಾಸರಿ ಹೋಲಿಸಿ ಟಿ-ಟೆಸ್ಟ್ ಮಾಡಿದರೆ ಅಂತರ ಒತ್ತಡದ್ದೋ ಹೇಳಿಕೆಯದ್ದೋ ಗೊತ್ತಾಗುವುದಿಲ್ಲ. ಇದಕ್ಕೇ ಮೆಶರ್‌ಮೆಂಟ್ ಇನ್‌ವೇರಿಯನ್ಸ್ (ಅಳತೆ ಎಲ್ಲ ಗುಂಪಿನಲ್ಲೂ ಒಂದೇ ಥರ ಕೆಲಸ ಮಾಡುತ್ತದಾ ಅನ್ನುವ) ಪರೀಕ್ಷೆ ಮಾಡುವುದು.

ಬರೀ ಯಾದೃಚ್ಛಿಕ ತಪ್ಪೂ ನಿರಪಾಯ ಅಲ್ಲ. ‘ಮನೆಯ ಆರ್ಥಿಕ ಸ್ಥಿತಿಯನ್ನು ಕಂಟ್ರೋಲ್ ಮಾಡಿದ್ದೇವೆ’, ಅಂದರೆ ಅದರ ಪ್ರಭಾವವನ್ನು ಲೆಕ್ಕದಿಂದ ತೆಗೆದಿದ್ದೇವೆ, ಅಂತ ಬರೆಯುತ್ತಾರಲ್ಲ, ಆ ಸ್ಥಿತಿಯನ್ನು ಒಂದೇ ಒಂದು ಒರಟು ಪ್ರಶ್ನೆಯಲ್ಲಿ ಅಳೆದಿದ್ದರೆ ಅದು ಪೂರ್ತಿ ಕಂಟ್ರೋಲ್ ಆಗಿರುವುದಿಲ್ಲ. ಉಳಿದದ್ದು ಒತ್ತಡದ ಲೆಕ್ಕಕ್ಕೆ ಸೇರುತ್ತದೆ. ಸ್ಯಾಂಪಲ್ ದೊಡ್ಡದಾದಷ್ಟೂ ಆ ಸುಳ್ಳು ಸಂಬಂಧ ಇನ್ನೂ ಗಟ್ಟಿಯಾಗಿ ಸಿಗ್ನಿಫಿಕೆಂಟ್ (ಆಕಸ್ಮಿಕ ಅಲ್ಲ ಅನ್ನಿಸುವಂಥದ್ದು) ಆಗುತ್ತದೆ. ವೆಸ್ಟ್‌ಫಾಲ್, ಯಾರ್ಕೋನಿ 2016ರಲ್ಲಿ ಇದನ್ನು ಲೆಕ್ಕ ಸಮೇತ ತೋರಿಸಿದ್ದಾರೆ.

ಡೇಟಾ_ಕೆಲಸದವ

ಕಂಟ್ರೋಲ್ ವಿಷಯ ನಾನು ಯೋಚಿಸಿರಲಿಲ್ಲ. ನಮ್ಮಲ್ಲೂ ದಿನಾ ಮಾಡುವ ಕೆಲಸ ಅದು. ಆದರೂ ಸ್ಕ್ರೀನಿಂಗ್‌ಗೆ ಮುನ್ಸೂಚನೆ ಸಾಕು ಅನ್ನುವ ಮಾತು ನಾನು ಬಿಡುವುದಿಲ್ಲ. ಹತ್ತು ಮುಟ್ಟಿದವರನ್ನು ಕರೆದು ಮಾತಾಡಿಸಿ, ಅಷ್ಟೇ ತಾನೇ?

ಕ್ಲಿನಿಕ್_ಕಡೆಯಿಂದ

ಕರೆದು ಮಾತಾಡಿಸುವುದಾದರೆ ಖಂಡಿತ ಸರಿ. ತೊಂದರೆ ಶುರುವಾಗುವುದು ಮಾತಾಡಿಸದೇ ಹತ್ತು ಮುಟ್ಟಿದವರೆಲ್ಲ ಖಿನ್ನರು ಅಂತ ಶೇಕಡಾ ತೆಗೆದಾಗ.

ಪಿಎಚ್‌ಕ್ಯೂ-9ರ ಬಗ್ಗೆ 2001ರ ಮೂಲ ಅಧ್ಯಯನ ಅಮೆರಿಕದ ಕ್ಲಿನಿಕ್‌ಗಳಿಗೆ ಬಂದ 6,000 ಜನರ ಮೇಲೆ ಆಗಿದ್ದು. ಹತ್ತು ಅಂಕದ ಗೆರೆಗೆ ಸೆನ್ಸಿಟಿವಿಟಿ (ಖಿನ್ನತೆ ಇರುವವರನ್ನು ಹಿಡಿಯುವ ಪ್ರಮಾಣ) ಶೇ 88, ಸ್ಪೆಸಿಫಿಸಿಟಿ (ಇಲ್ಲದವರನ್ನು ಸರಿಯಾಗಿ ಬಿಡುವ ಪ್ರಮಾಣ) ಶೇ 88 ಅಂದರು. ಕೇಳೋಕೆ ತುಂಬಾ ಚೆನ್ನಾಗಿದೆ. ಈಗ ಇನ್ನೂರು ಮಕ್ಕಳಲ್ಲಿ ನಿಜಕ್ಕೂ ಖಿನ್ನತೆ ಇರುವವರು ಇಪ್ಪತ್ತು ಜನ ಅಂತ ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಅವರಲ್ಲಿ ಸುಮಾರು 18 ಮಕ್ಕಳು ಗೆರೆ ದಾಟುತ್ತಾರೆ. ಉಳಿದ 180 ಮಕ್ಕಳಲ್ಲಿ ಶೇ 12, ಅಂದರೆ ಸುಮಾರು 22 ಮಕ್ಕಳೂ ದಾಟುತ್ತಾರೆ. ಒಟ್ಟು 40. ಇನ್ನೂರರಲ್ಲಿ ನಲವತ್ತು ಅಂತ ಪತ್ರಿಕೆಯಲ್ಲಿ ‘ಐವರಲ್ಲಿ ಒಬ್ಬರಿಗೆ ಖಿನ್ನತೆ’ ಅಂತ ಬರುತ್ತದೆ. ನಿಜ ಇರುವುದು ಹತ್ತರಲ್ಲಿ ಒಂದು.

ಈಗ ವಿದ್ಯಾರ್ಥಿನಿಗೆ ಒಂದು ಮುಖ್ಯ ಮಾತು. ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ ಸಾಯುವ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯದ್ದು. ನಿಮ್ಮ ಮಕ್ಕಳು ಹದಿನಾರು, ಹದಿನೇಳರವರು. ಆ ಪ್ರಶ್ನೆಗೆ ಯಾರಾದರೂ 1 ಅಂತ ಹಾಕಿದ್ದರೂ ಅದನ್ನು ಅದೇ ದಿನ ಯಾರು ನೋಡಿದರು? ಮೊದಲ ಸುತ್ತಿನ ಫಾರಂಗಳನ್ನು ದಯವಿಟ್ಟು ಇವತ್ತೇ ತೆಗೆದು ನೋಡಿ. ಯಾರಾದರೂ ಇದ್ದರೆ ಗೈಡ್‌ಗೂ ಕಾಲೇಜಿನ ಕೌನ್ಸೆಲರ್‌ಗೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಅಂಕಿ ಅಂಶದ ಚರ್ಚೆ ಆಮೇಲೆ ಮಾಡೋಣ.

ಎಂಎಸ್ಸಿ_ವಿದ್ಯಾರ್ಥಿನಿ

ಮೇಡಂ, ಈಗಷ್ಟೇ ಎಲ್ಲ ಫಾರಂ ನೋಡಿದೆ. ಕೆಲವರು ಗುರುತು ಹಾಕಿದ್ದಾರೆ. ಗೈಡ್‌ಗೆ ಫೋನ್ ಮಾಡಿದ್ದೇನೆ, ಕೌನ್ಸೆಲರ್ ನಾಳೆ ಬೆಳಗ್ಗೆಯೇ ಮಕ್ಕಳನ್ನು ಭೇಟಿ ಮಾಡುತ್ತಾರೆ. ಫಾರಂ ಮೇಲೆ ರಿಜಿಸ್ಟರ್ ನಂಬರ್ ಇದ್ದದ್ದರಿಂದ ಯಾರು ಅಂತ ಗೊತ್ತಾಯಿತು. ಹೇಳಿದ್ದಕ್ಕೆ ತುಂಬಾ ಧನ್ಯವಾದ.

ಕ್ಲಿನಿಕ್_ಕಡೆಯಿಂದ

ಒಳ್ಳೆಯದಾಯಿತಮ್ಮ. ಎರಡನೇ ಸುತ್ತಿಗೂ ಇದೇ ವ್ಯವಸ್ಥೆ ಮೊದಲೇ ಇರಲಿ.

ಧಾರವಾಡದಿಂದ

ಅಳತೆಯ ಮಾತು ಬಂದಾಗ ನಮ್ಮೂರಿನ ಕಥೆ ಹೇಳದೇ ಇರಲಾರೆ. ಪ್ಯಾರಿಸ್‌ನಲ್ಲಿ ಬಿನೆ, ಸಿಮೊ ಇಬ್ಬರೂ 1905ರಲ್ಲಿ ಮಾಡಿದ ಬುದ್ಧಿಶಕ್ತಿ ಪರೀಕ್ಷೆಯನ್ನು ವಿ.ವಿ. ಕಾಮತರು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. 1934ರಲ್ಲಿ ಅದರ ವರದಿ ಬ್ರಿಟಿಷ್ ಜರ್ನಲ್‌ನಲ್ಲಿ ಬಂತು. ಧಾರವಾಡದ ಕಡೆಯ ಮಕ್ಕಳ ಮೇಲೆ ನಿಂತ ಕೆಲಸ ಅದು. ಅನುವಾದ ಮಾಡಿ ಕೈತೊಳೆದುಕೊಳ್ಳದೆ, ಇಲ್ಲಿಯ ಮಕ್ಕಳು ಯಾವ ವಯಸ್ಸಿಗೆ ಯಾವುದನ್ನು ಮಾಡುತ್ತಾರೆ ಅಂತ ಕೂತು ನೋಡಿದ್ದಾರೆ. ಆ ಕಾಲಕ್ಕೆ ಅದು ದೊಡ್ಡ ಕೆಲಸವೇ.

ಆದರೆ ಬಿನೆ-ಕಾಮತ್ ಪರೀಕ್ಷೆ ಇವತ್ತಿಗೂ ಕ್ಲಿನಿಕ್‌ಗಳಲ್ಲಿ ನಡೆಯುತ್ತದೆ. ಅಲ್ಲಿ ಐಕ್ಯೂ ಅಂದರೆ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುವುದು. ಎಂಟು ವರ್ಷದ ಮಗು ಹತ್ತರ ಮಟ್ಟದಲ್ಲಿ ಉತ್ತರಿಸಿದರೆ 125. ಆದರೆ ಯಾವ ಕಾಲದ ಎಂಟು ವರ್ಷದ ಮಗುವಿಗೆ ಹೋಲಿಸುತ್ತಿದ್ದೇವೆ? ಅಮೆರಿಕದಲ್ಲಿ ಹಳೆಯ ಮಾನದಂಡ ಇಟ್ಟುಕೊಂಡರೆ ಪ್ರತಿ ಹತ್ತು ವರ್ಷಕ್ಕೆ ಸರಾಸರಿ ಸುಮಾರು 3 ಅಂಕ ಏರುತ್ತಾ ಬಂದಿದೆ ಅಂತ ಫ್ಲಿನ್ ತೋರಿಸಿದರು. ಇಲ್ಲೂ ಅಂಥದ್ದೇ ಏರಿಕೆ ಆಗಿದ್ದರೆ, ಬೌದ್ಧಿಕ ಅಂಗವೈಕಲ್ಯದ ಗೆರೆಯಾದ 70ರ ಕೆಳಗೆ ಬರಬೇಕಾದ ಮಗುವಿಗೆ ಹಳೆಯ ಮಾನದಂಡದಲ್ಲಿ ಅದಕ್ಕಿಂತ ಮೇಲೆ ಅಂಕ ಬರುತ್ತದೆ. ಮಗುವಿಗೆ ಸಿಗಬೇಕಾದ ಸರ್ಟಿಫಿಕೇಟು, ಸೌಲಭ್ಯ ಅಲ್ಲಿಗೆ ನಿಂತುಹೋಗುತ್ತದೆ. ಒಮ್ಮೆ ಸರಿ ಮಾಡಿದ ಪರೀಕ್ಷೆ ಶಾಶ್ವತವಾಗಿ ಸರಿ ಅಂತ ತಿಳಿದರೆ ಹೀಗೇ ಆಗುವುದು ನೋಡ್ರಿ.

ಹೊಸ_ಸದಸ್ಯ

ಪ್ರಶ್ನಾವಳಿಯಲ್ಲಿ ಜನ ಸುಳ್ಳು ಹೇಳಬಹುದು, ನಾಚಿಕೊಳ್ಳಬಹುದು. ಲ್ಯಾಬಿನ ಟಾಸ್ಕ್‌ಗಳಲ್ಲಿ, ಉದಾಹರಣೆಗೆ ಸ್ಟ್ರೂಪ್‌ನಲ್ಲಿ (ಬಣ್ಣದ ಹೆಸರನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣ ಹೇಳಿಸುವುದು), ಮಿಲಿಸೆಕೆಂಡ್ ಲೆಕ್ಕ ಇರುತ್ತದಲ್ಲ. ಅಲ್ಲಿ ಈ ಸಮಸ್ಯೆ ಇಲ್ಲ ಅಂತ ಭಾವಿಸಬಹುದಾ?

ಹೊರನಾಡ_ಕನ್ನಡತಿ

ಇದೆ, ಬೇರೆ ರೂಪದಲ್ಲಿ. ಸ್ಟ್ರೂಪ್ ಪರಿಣಾಮ ಹೆಚ್ಚುಕಡಿಮೆ ಪ್ರತಿಯೊಬ್ಬರಲ್ಲೂ ಸಿಗುತ್ತದೆ. ಅಷ್ಟು ಗಟ್ಟಿ. ಆದರೆ ಎಲ್ಲರಲ್ಲೂ ಅದು ಹೆಚ್ಚುಕಡಿಮೆ ಒಂದೇ ಅಳತೆಯದ್ದಾಗಿರುವುದರಿಂದಲೇ ‘ಯಾರಿಗೆ ಜಾಸ್ತಿ, ಯಾರಿಗೆ ಕಡಿಮೆ’ ಅಂತ ವ್ಯಕ್ತಿಗಳನ್ನು ಸಾಲಾಗಿ ನಿಲ್ಲಿಸಲು ಕಷ್ಟ. ಹೆಜ್ ಮತ್ತು ಸಂಗಡಿಗರು 2018ರಲ್ಲಿ ಇದನ್ನೇ ತೋರಿಸಿದರು. ಅದೇ ಜನರಿಗೆ ವಾರಗಳ ಅಂತರದಲ್ಲಿ ಎರಡು ಸಲ ಕೊಟ್ಟು ನೋಡಿದರೆ, ಇಂಥ ಹಲವು ಪ್ರಸಿದ್ಧ ಟಾಸ್ಕ್‌ಗಳಲ್ಲಿ ವ್ಯಕ್ತಿಯ ಸ್ಥಾನ ಅಲ್ಲಾಡುತ್ತದೆ. ಪ್ರಯೋಗಕ್ಕೆ ಒಳ್ಳೆಯ ಸಾಧನವಾದದ್ದು ವ್ಯಕ್ತಿಗಳ ಹೋಲಿಕೆಗೆ ಒಳ್ಳೆಯದಾಗಬೇಕು ಅಂತಿಲ್ಲ.

ಮಿಲಿಸೆಕೆಂಡಿನಷ್ಟೇ ನಿಖರವಾಗಿ ಕಾಣುವ ಇನ್ನೊಂದು ಟಾಸ್ಕ್ ಹೇಳುತ್ತೇನೆ. ಆಕ್ರಮಣಶೀಲತೆ ಅಳೆಯಲು ಎದುರಾಳಿಗೆ ಜೋರಾದ ಸದ್ದು ಕೇಳಿಸುವ ಆಟವೊಂದು ಬಹಳ ಬಳಕೆಯಲ್ಲಿದೆ. ಸದ್ದು ಎಷ್ಟು ಜೋರು, ಎಷ್ಟು ಹೊತ್ತು, ಮೊದಲ ಸುತ್ತಿನದ್ದು ಮಾತ್ರವೋ ಎಲ್ಲದರ ಸರಾಸರಿಯೋ, ಎರಡನ್ನೂ ಗುಣಿಸಬೇಕೋ? ಎಲ್ಸನ್ ಅವರು 2016ರಲ್ಲಿ ಹುಡುಕಿ ಪಟ್ಟಿ ಮಾಡಿದಾಗ 130 ಪ್ರಬಂಧಗಳಲ್ಲಿ ಅಂಕ ಲೆಕ್ಕ ಹಾಕುವ 157 ರೀತಿಗಳು ಸಿಕ್ಕವು! ಪ್ರಬಂಧಗಳಿಗಿಂತ ರೀತಿಗಳೇ ಜಾಸ್ತಿ.

ಸೈಕಾಲಜಿಯಲ್ಲಿ ನಡೆದ 2015ರ ದೊಡ್ಡ ಮರುಪರೀಕ್ಷೆಯ ಬಗ್ಗೆ ಎಲ್ಲರೂ ಕೇಳಿರುತ್ತೀರಿ. ನೂರು ಅಧ್ಯಯನಗಳನ್ನು ಮತ್ತೆ ಮಾಡಿದರು. ಮೂಲದಲ್ಲಿ 97 ಸಿಗ್ನಿಫಿಕೆಂಟ್ ಇದ್ದವು, ಮರುಪರೀಕ್ಷೆಯಲ್ಲಿ ಶೇ 36. ಅದಾದ ಮೇಲೆ ಪಿ ಮೌಲ್ಯದ ಬಗ್ಗೆ, ಸ್ಯಾಂಪಲ್ ಗಾತ್ರದ ಬಗ್ಗೆ ಬೇಕಾದಷ್ಟು ಮಾತಾಯಿತು. ಸಿಮನ್ಸ್ ಮತ್ತಿಬ್ಬರು 2011ರಲ್ಲೇ, ನಾಲ್ಕು ಸಾಮಾನ್ಯ ಸಲಿಗೆಗಳನ್ನು ಒಟ್ಟಿಗೆ ತೆಗೆದುಕೊಂಡರೆ ಸುಳ್ಳು ಫಲಿತಾಂಶದ ಸಾಧ್ಯತೆ ಶೇ 5ರಿಂದ ಸುಮಾರು ಶೇ 61ಕ್ಕೆ ಏರುತ್ತದೆ ಅಂತ ತೋರಿಸಿದ್ದರು. ಆದರೆ ಮೂಲ ಅಳತೆಯೇ ಏನನ್ನು ಹಿಡಿಯುತ್ತಿತ್ತು ಅನ್ನುವ ಪ್ರಶ್ನೆಗೆ ಅಷ್ಟು ಗಮನ ಸಿಗಲಿಲ್ಲ. ನನಗೆ ಇದು ಬಹಳ ಬೇಸರದ ಸಂಗತಿ. ತಪ್ಪಾದ ಅಳತೆಯನ್ನು ಹತ್ತು ಸಾವಿರ ಜನರ ಮೇಲೆ, ಮೊದಲೇ ನೋಂದಾಯಿಸಿ, ಪ್ರಾಮಾಣಿಕವಾಗಿ ಮರುಪರೀಕ್ಷೆ ಮಾಡಿದರೆ ಅದೇ ತಪ್ಪು ಮತ್ತೆ ಬರುತ್ತದೆ.

ಖಿನ್ನತೆಯ ಬಗ್ಗೆಯೂ ಒಂದು ಮಾತು. ಬಹಳ ಬಳಕೆಯ ಏಳು ಖಿನ್ನತೆ ಮಾಪನಗಳನ್ನು ಫ್ರೀಡ್ 2017ರಲ್ಲಿ ಪಕ್ಕಪಕ್ಕ ಇಟ್ಟು ನೋಡಿದರು. ಒಟ್ಟು 52 ಬೇರೆ ಬೇರೆ ಲಕ್ಷಣಗಳು. ಒಂದು ಮಾಪನದ ಫಲಿತಾಂಶ ಇನ್ನೊಂದರಲ್ಲಿ ಬರದಿದ್ದರೆ ಆಶ್ಚರ್ಯ ಏನಿದೆ?

ಕ್ಲಿನಿಕ್_ಕಡೆಯಿಂದ

ಅದಕ್ಕೆ ಇದನ್ನೂ ಸೇರಿಸಿ. ಔಷಧಿ ಪರೀಕ್ಷೆಗಳಲ್ಲಿ ಬಳಸುವ ಹ್ಯಾಮಿಲ್ಟನ್ ಮಾಪನ 1960ರದ್ದು. ಅದರ 17 ಅಂಶಗಳಲ್ಲಿ ಮೂರು ಬರೀ ನಿದ್ದೆಯವು, ಒಟ್ಟು 6 ಅಂಕ. ಬ್ರಿಟನ್ನಿನ ನೈಸ್ ಸಂಸ್ಥೆ 2004ರಲ್ಲಿ ಔಷಧಿಗೂ ಪ್ಲಸೀಬೋಗೂ 3 ಅಂಕದ ಅಂತರ ಇದ್ದರೆ ಅದನ್ನು ಗಮನಾರ್ಹ ಅಂತ ಇಟ್ಟುಕೊಂಡಿತ್ತು. ಚೆನ್ನಾಗಿ ನಿದ್ದೆ ಬರಿಸುವ ಮಾತ್ರೆ ದುಃಖವನ್ನು ಮುಟ್ಟದೇ ಆ ಗೆರೆ ದಾಟಬಹುದು. ಶಿಬಿರದ ರೈತರಿಗೆ ಹಗಲಲ್ಲಿ ತ್ರೀ ಫೇಸ್ ಕೊಟ್ಟರೂ ದಾಟಬಹುದು.

ಲೆಕ್ಕದ_ಮೇಷ್ಟ್ರು

ವಿದ್ಯಾರ್ಥಿನಿಯ ಕೆಲಸಕ್ಕೆ ವಾಪಸ್ ಬರೋಣ. ಒತ್ತಡಕ್ಕೂ ಖಿನ್ನತೆಗೂ ಕೋರಿಲೇಶನ್ ನೋಡುತ್ತೀರಿ ತಾನೇ? ಅದಕ್ಕೆ ಮುಂಚೆ ಒಂದು ಲೆಕ್ಕ ಮನಸ್ಸಿನಲ್ಲಿರಲಿ. ನಿಜವಾದ ಸಂಬಂಧ 0.5 ಅಂತಿಟ್ಟುಕೊಳ್ಳಿ. ಒಂದು ಅಳತೆಯ ರಿಲಯಬಿಲಿಟಿ 0.7, ಇನ್ನೊಂದರದ್ದು 0.6. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 0.65. ನಿಮ್ಮ ಡೇಟಾದಲ್ಲಿ ಕಾಣುವುದು 0.5ರ ಆ ಪಾಲು, ಸುಮಾರು 0.32 ಮಾತ್ರ. 0.5 ಹಿಡಿಯಲು ಸುಮಾರು 29 ಜನ ಸಾಕಿತ್ತು. 0.32 ಹಿಡಿಯಲು ಸುಮಾರು 73 ಜನ ಬೇಕು. ಅಳತೆ ಸಡಿಲ ಆದಷ್ಟೂ ಜನರನ್ನು ಜಾಸ್ತಿ ಕೂಡಿಸಬೇಕು.

ಈ ಲೆಕ್ಕ ಸ್ಪಿಯರ್‌ಮನ್ 1904ರಲ್ಲಿ ಕೊಟ್ಟಿದ್ದು. ಅವರ ಬಳಿ ಲಂಡನ್ನಿನಲ್ಲಿ ಓದಿ ಬಂದವರೇ ಮೈಸೂರಿನ ಎಂ.ವಿ. ಗೋಪಾಲಸ್ವಾಮಿ. 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಸೈಕಾಲಜಿ ವಿಭಾಗ ಶುರುವಾದಾಗ ಮುಖ್ಯಸ್ಥರಾದರು. ಮೈಸೂರಿನ ಆಕಾಶವಾಣಿಯಿಂದ ಅವರ ಹೆಸರು ನಮ್ಮವರಿಗೆ ಗೊತ್ತು. ಆದರೆ ಈ ನೆಲದಲ್ಲಿ ಮಾನಸಿಕ ಅಳತೆಯ ಪಾಠಕ್ಕೆ ನೂರು ವರ್ಷದ ಬೇರು ಇದೆ ಅನ್ನುವುದನ್ನು ನಮ್ಮ ವಿದ್ಯಾರ್ಥಿಗಳಿಗೆ ಯಾರೂ ಹೇಳುವುದಿಲ್ಲ.

ಉಲ್ಟಾ ಅಪಾಯವೂ ಇದೆ. ನಿಮ್ಮ ಪ್ರಶ್ನಾವಳಿಗೂ ಪಿಎಚ್‌ಕ್ಯೂಗೂ 0.8 ಬಂದರೆ ಖುಷಿಪಡಬೇಡಿ. ಎರಡೂ ಒಂದನ್ನೇ ಅಳೆಯುತ್ತಿರಬಹುದು. ನಿದ್ದೆ, ಸುಸ್ತು, ಗಮನ ಇವು ಎರಡು ಕಡೆಯೂ ಇದ್ದರೆ ಅಷ್ಟು ಬಂದೇ ಬರುತ್ತದೆ. ಕ್ಯಾಂಬೆಲ್, ಫಿಸ್ಕ್ 1959ರಲ್ಲಿ ಹೇಳಿದ್ದು ಇದನ್ನೇ. ಹೊಂದಬೇಕಾದದ್ದರ ಜೊತೆ ಹೊಂದಬೇಕು, ಹೊಂದಬಾರದ್ದರ ಜೊತೆ ಹೊಂದಬಾರದು, ಎರಡನ್ನೂ ತೋರಿಸಿ.

ಕ್ಲಿನಿಕ್_ಕಡೆಯಿಂದ

ಫ್ಯಾಕ್ಟರ್ ಅನಾಲಿಸಿಸ್‌ಗೆ ಮುಂಚೆಯೇ ಹತ್ತು ಹದಿನೈದು ಮಕ್ಕಳ ಜೊತೆ ಕೂತುಕೊಳ್ಳಿ. ಒಂದೊಂದೇ ಹೇಳಿಕೆ ಓದಿಸಿ. ‘ಇದನ್ನು ಓದಿದಾಗ ಏನು ನೆನಪಾಯಿತು? ಯಾಕೆ ಈ ಗುರುತು ಹಾಕಿದೆ?’ ಅಂತ ಕೇಳಿ, ಅವರು ಹೇಳಿದ ಹಾಗೇ ಬರೆದುಕೊಳ್ಳಿ. ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು, ಹಾಸ್ಟೆಲಿನವರು, ಕಾಮರ್ಸಿನವರು ಎಲ್ಲರೂ ಇರಲಿ. ಇದಕ್ಕೆ ಸಾಫ್ಟ್‌ವೇರ್ ಬೇಡ, ದುಡ್ಡು ಬೇಡ, ತಾಳ್ಮೆ ಬೇಕು.

ಎಂಎಸ್ಸಿ_ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ, ಮಾಡಿದ್ದನ್ನು ಹೇಳುತ್ತೇನೆ. ಕೌನ್ಸೆಲರ್ ಆ ಮಕ್ಕಳನ್ನು ಭೇಟಿ ಮಾಡಿದ್ದಾರೆ, ಮನೆಯವರ ಜೊತೆಗೂ ಮಾತಾಡುತ್ತಿದ್ದಾರೆ.

ಮಕ್ಕಳ ಜೊತೆ ಕೂತು ಒಂದೊಂದೇ ಹೇಳಿಕೆ ಓದಿಸಿದೆ. ‘ಅಪ್ಪ ಅಮ್ಮನ ನಿರೀಕ್ಷೆ ನನಗೆ ಭಾರ ಅನ್ನಿಸುತ್ತದೆ’ ಅನ್ನುವುದಕ್ಕೆ ಬಹುತೇಕ ಎಲ್ಲರೂ ‘ಒಪ್ಪುವುದಿಲ್ಲ’ ಹಾಕಿದ್ದರು. ಯಾಕೆ ಅಂದಾಗ ಒಬ್ಬ ಹುಡುಗಿ, ‘ಫಾರಂ ತಗೊಂಡಿದ್ದು ನಮ್ಮ ಕ್ಲಾಸ್ ಲೆಕ್ಚರರ್, ನಂಬರ್ ಬೇರೆ ಬರೆದಿದ್ದೇನೆ, ಪೇರೆಂಟ್ಸ್ ಮೀಟಿಂಗ್‌ನಲ್ಲಿ ಹೇಳಿಬಿಟ್ಟರೆ?’ ಅಂದಳು. ಉಳಿದವರೂ ತಲೆಯಾಡಿಸಿದರು. ಫ್ಯಾಕ್ಟರ್ ಅನಾಲಿಸಿಸ್‌ನಲ್ಲಿ ಆರು ಉಲ್ಟಾ ಹೇಳಿಕೆಗಳು ಬೇರೆಯಾಗಿ ನಿಂತವು, ಮೇಷ್ಟ್ರು ಹೇಳಿದ ಹಾಗೆ. ಮನೆಯವರ ಕುರಿತ ನಾಲ್ಕು ಹೇಳಿಕೆಗಳು ಯಾವುದರ ಜೊತೆಗೂ ಸೇರುತ್ತಿಲ್ಲ.

ಈಗ ಎರಡು ಪ್ರಶ್ನೆ. ಎರಡನೇ ಸುತ್ತಿನಲ್ಲಿ ನಂಬರ್ ಬರೆಸದಿದ್ದರೆ ಮಕ್ಕಳು ನಿಜ ಹೇಳುತ್ತಾರೆ, ಆದರೆ ಅಪಾಯದಲ್ಲಿರುವವರು ಯಾರು ಅಂತ ಗೊತ್ತಾಗುವುದಿಲ್ಲ. ಏನು ಮಾಡಲಿ? ಮತ್ತೆ, ಆ ನಾಲ್ಕು ಹೇಳಿಕೆ ತೆಗೆದು ಇದೇ ಡೇಟಾದಲ್ಲಿ ಮತ್ತೆ ಮಾಡಿದರೆ ಎಲ್ಲಾ ಚೆನ್ನಾಗಿ ಹೊಂದುತ್ತದೆ. ಹಾಗೆ ವರದಿ ಮಾಡಬಹುದಾ?

ಕ್ಲಿನಿಕ್_ಕಡೆಯಿಂದ

ಮೊದಲನೆಯದಕ್ಕೆ: ನಿಮ್ಮ ಪ್ರಶ್ನೆ ಒತ್ತಡದ ಬಗ್ಗೆ. ಆತ್ಮಹತ್ಯೆಯ ಯೋಚನೆಯ ಪ್ರಶ್ನೆ ನಿಮಗೆ ಬೇಕೇಬೇಕು ಅಂತಿಲ್ಲ. ಆ ಕೊನೆಯ ಪ್ರಶ್ನೆ ಬಿಟ್ಟ ಎಂಟು ಪ್ರಶ್ನೆಗಳ ಪಿಎಚ್‌ಕ್ಯೂ-8 ಇದೆ, ಅದನ್ನು ಕೊಡಿ. ನಂಬರ್ ಬೇಡ, ಲೆಕ್ಚರರ್ ಹೊರಗಿರಲಿ, ಫಾರಂ ಮಕ್ಕಳೇ ಡಬ್ಬಿಗೆ ಹಾಕಲಿ. ಪ್ರತಿಯೊಬ್ಬರ ಕೈಗೂ 14416 ಮತ್ತು ಕೌನ್ಸೆಲರ್ ಸಮಯ ಬರೆದ ಚೀಟಿ ಕೊಡಿ. ಎಥಿಕ್ಸ್ ಸಮಿತಿಗೆ ಈ ಬದಲಾವಣೆ ಬರೆದು ತಿಳಿಸಿ.

ಲೆಕ್ಕದ_ಮೇಷ್ಟ್ರು

ಎರಡನೆಯದಕ್ಕೆ: ಬೇಡಮ್ಮ. ಡೇಟಾ ನೋಡಿ ಹೇಳಿಕೆ ತೆಗೆದು, ಅದೇ ಡೇಟಾದಲ್ಲಿ ಚೆನ್ನಾಗಿ ಹೊಂದಿತು ಅಂತ ಬರೆದರೆ ಅದು ಪರೀಕ್ಷೆ ಆಗುವುದಿಲ್ಲ. ಆ ನಾಲ್ಕನ್ನು ಇಟ್ಟುಕೊಳ್ಳಿ. ಮಕ್ಕಳು ಹೆದರಿ ಹಾಕಿದ ಗುರುತು ಅದು, ಹೇಳಿಕೆಯೇ ಕೆಟ್ಟದ್ದು ಅಂತ ಇನ್ನೂ ಗೊತ್ತಾಗಿಲ್ಲ. ಯಾವ ಹೇಳಿಕೆ ಯಾವ ಗುಂಪಿಗೆ, ಯಾವುದನ್ನು ಕೂಡಿಸುತ್ತೀರಿ, ಯಾವ ಸ್ಥಿತಿಯಲ್ಲಿ ತೆಗೆಯುತ್ತೀರಿ ಅಂತ ಈಗಲೇ ಬರೆದು ಓಎಸ್‌ಎಫ್‌ (ಸಂಶೋಧನಾ ಯೋಜನೆ ಮುಂಚೆಯೇ ದಾಖಲಿಸುವ ಜಾಲತಾಣ) ನಲ್ಲಿ ದಿನಾಂಕ ಸಮೇತ ನೋಂದಾಯಿಸಿ. ಎರಡನೇ ಸುತ್ತಿನ ಹೊಸ ಡೇಟಾದಲ್ಲಿ ಅದನ್ನೇ ಪರೀಕ್ಷಿಸಿ. ಮೊದಲ ಸುತ್ತನ್ನು ಪೈಲಟ್ ಅಂತ ಕರೆಯಿರಿ, ಹುಡುಗಿ ಹೇಳಿದ ಮಾತನ್ನೂ ವರದಿಯಲ್ಲಿ ಹಾಕಿ. ಗೈಡ್ ಒಪ್ಪದಿದ್ದರೆ ಆ 190 ಜೋಡಿಯ ಲೆಕ್ಕವನ್ನು ಅವರ ಮುಂದೆ ಕೂತು ಮಾಡಿ ತೋರಿಸಿ.

ಡೇಟಾ_ಕೆಲಸದವ

ಆರ್ ಕೋಡ್ ಬರೆಯಲು ಸಹಾಯ ಬೇಕಿದ್ದರೆ ಹೇಳಿ, ವಾರಾಂತ್ಯದಲ್ಲಿ ಕೂತು ಮಾಡೋಣ. ಹುಡುಗ ಹುಡುಗಿಯರ ನಡುವಿನ ಇನ್‌ವೇರಿಯನ್ಸ್ ಲೆಕ್ಕ ನಾನೂ ಕಲಿಯಬೇಕು.

ಎಂಎಸ್ಸಿ_ವಿದ್ಯಾರ್ಥಿನಿ

ಖಂಡಿತ ಬೇಕು ಸರ್. ಶನಿವಾರ ಮಧ್ಯಾಹ್ನದ ಮೇಲೆ ಬಿಡುವಿದೆ. ನೋಂದಣಿಯ ಕರಡು ಅಷ್ಟರಲ್ಲಿ ಬರೆದು ಇಲ್ಲೇ ಹಾಕುತ್ತೇನೆ, ಎಲ್ಲರೂ ನೋಡಿ ತಪ್ಪಿದ್ದರೆ ಹೇಳಿ.